ಅಜ್ಜಮಾಡ ದೇವಯ್ಯ: 23 ವರ್ಷ ತಡವಾಗಿ ಬಂದ ಮಹಾವೀರ ಚಕ್ರ

ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರ ಹೆಸರಿನ ವೃತ್ತ ಇದೆ. ಯಾರಿವರು? 1932ರ ಡಿಸೆಂಬರ್ 24ರಂದು ಹುಟ್ಟಿದ ಕೊಡಗಿನ ಮಗ. 1954ರಲ್ಲಿ ವಾಯುಪಡೆ ಪೈಲಟ್ ಆದವರು. 1965ರ ಯುದ್ಧದಲ್ಲಿ ಪಂಜಾಬಿನ ಆದಂಪುರದಲ್ಲಿ 1ನೇ ಸ್ಕ್ವಾಡ್ರನ್‌ನಲ್ಲಿದ್ದರು.

ಅವತ್ತು ಏನಾಯ್ತು?
1965ರ ಸೆಪ್ಟೆಂಬರ್ 7ರ ಮುಂಜಾನೆ ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ಮಿಸ್ಟೇರ್ ವಿಮಾನಗಳ ದಾಳಿ. ದೇವಯ್ಯ ಸ್ಟ್ಯಾಂಡ್‌ಬೈ ಪೈಲಟ್, ಆದರೂ ಹಾರಿದರು. ಅಲ್ಲಿ ಅಮ್ಜದ್ ಹುಸೇನ್ ಎಂಬ ಪೈಲಟ್‌ನ ಸ್ಟಾರ್‌ಫೈಟರ್ ಎದುರಾಯ್ತು. ಶಬ್ದದ ಎರಡು ಪಟ್ಟು ವೇಗದ ವಿಮಾನ ಅದು. ಮಿಸ್ಟೇರ್ ಅದರ ಮುಂದೆ ಹಳೇ ಗಾಡಿ. ಏಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿ ನಿಂತು ಸ್ಟಾರ್‌ಫೈಟರನ್ನು ಉರುಳಿಸಿದರು. ಅಮ್ಜದ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ವಾಪಸ್ ಬರಲಿಲ್ಲ.

ತಡ ಆಗಿದ್ದೇಕೆ?
ಈ ಕಾದಾಟವನ್ನು ಜೊತೆಗಾರರು ಯಾರೂ ನೋಡಿರಲಿಲ್ಲ. ದಾಖಲೆಯಲ್ಲಿ ಉಳಿದದ್ದು ‘ನಾಪತ್ತೆ’ ಅಂತಷ್ಟೇ. ನಿಜ ಸಂಗತಿ ಹೊರಬಂದದ್ದು ಗಡಿಯಾಚೆಯಿಂದ. ಪಾಕ್ ವಾಯುಪಡೆಯ ನೆರವಿನಿಂದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕ 1979ರಲ್ಲಿ ಬಂತು. ಸ್ಟಾರ್‌ಫೈಟರನ್ನು ಮಿಸ್ಟೇರ್ ಕೆಡವಿದ ವಿವರ ಅದರಲ್ಲಿತ್ತು. ತಾಳೆ ಹಾಕಿದಾಗ ಆ ಪೈಲಟ್ ದೇವಯ್ಯನವರೇ ಎಂಬುದು ಗೊತ್ತಾಯ್ತು.

ಅಂದು ಸ್ಕ್ವಾಡ್ರನ್ ಮುಖ್ಯಸ್ಥರಾಗಿದ್ದ ಒ.ಪಿ. ತನೇಜಾ ಸರ್ಕಾರಕ್ಕೆ ಪತ್ರ ಬರೆದರು. 1988ರಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಣೆಯಾಯ್ತು. ಪರಮವೀರ ಚಕ್ರದ ನಂತರ ಯುದ್ಧಕಾಲದ ಅತಿ ದೊಡ್ಡ ಶೌರ್ಯ ಪದಕ ಇದೇ. ಪತ್ನಿ ಅದನ್ನು ಸ್ವೀಕರಿಸಿದರು.

2025ರ ಹಿಂದಿ ಸಿನಿಮಾ ‘ಸ್ಕೈ ಫೋರ್ಸ್’ ಇದೇ ಘಟನೆ ಆಧರಿಸಿದ್ದು. ಅದರಲ್ಲಿ ಪಾತ್ರದ ಹೆಸರು ಬೇರೆ. ನೋಡಿದ ಮಕ್ಕಳಿಗೆ ನಿಜವಾದ ಹೆಸರು ನಾವೇ ಹೇಳಬೇಕು.