ಓಡುವ ಚರಿತ್ರೆ: ಯೂನಿಯನ್ ಮತ್ತು ಡಿಯರ್‌ಬಾರ್ನ್‌ನ ಹಳೆಯ ರೈಲುಗಳು



ಷಿಕಾಗೋ ರೈಲಿನಿಂದ ಬೆಳೆದ ನಗರ. ಡೆಟ್ರಾಯಿಟ್ ಮೋಟಾರಿನಿಂದ ಬೆಳೆದ ನಗರ. ಒಂದರ ಏಳಿಗೆಯು ಇನ್ನೊಂದರ ವೈಭವವನ್ನು ಹೇಗೆ ಕುಗ್ಗಿಸಿತು, ಕುಗ್ಗಿದುದನ್ನು ಯಾರು ಕಾಪಾಡಿಕೊಂಡರು ಎಂಬುದೇ ಇಂದಿನ ನನ್ನ ವಿಷಯ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಪ್ರಾಂತದಲ್ಲಿ ಊರಿಂದೂರಿಗೆ ಓಡುವ ವಿದ್ಯುತ್ ರೈಲುಗಳು ಬಲೆಯಂತೆ ಹರಡಿದ್ದವು. ಇವುಗಳಿಗೆ 'ಇಂಟರ್‌ಅರ್ಬನ್' ಎಂದು ಹೆಸರು. ಎಲ್ಜಿನ್‌ನಿಂದ ಬೆಲ್ವಿಡಿಯರ್‌ಗೆ ಹೋಗುತ್ತಿದ್ದ ಅಂಥ ಒಂದು ಮಾರ್ಗ 1907ರಲ್ಲಿ ಆರಂಭವಾಗಿ 1930ರಲ್ಲಿ ನಿಂತುಹೋಯಿತು. ಮನೆಮನೆಗೂ ಮೋಟಾರು ಬಂದಿತ್ತು, ರಸ್ತೆಗಳು ಸುಧಾರಿಸಿದ್ದವು. ಡೆಟ್ರಾಯಿಟ್ ನಗರದ ಟ್ರಾಮು 1956ರಲ್ಲಿ, ಷಿಕಾಗೋದ್ದು 1958ರಲ್ಲಿ ಕೊನೆಗೊಂಡವು. 1957ರ ಜುಲೈ 3ರಂದು ಷಿಕಾಗೋ–ಅರೋರಾ–ಎಲ್ಜಿನ್ ಮಾರ್ಗವಂತೂ ನಡುಹಗಲಿನಲ್ಲೇ ಪ್ರಯಾಣಿಕರ ಸಂಚಾರವನ್ನು ನಿಲ್ಲಿಸಿಬಿಟ್ಟಿತು. ಬೆಳಿಗ್ಗೆ ಅದರಲ್ಲಿ ಕೆಲಸಕ್ಕೆ ಹೋದವರಿಗೆ ಸಂಜೆ ಮರಳಲು ಗಾಡಿಯೇ ಇರಲಿಲ್ಲ!

ಈ ಅಳಿವನ್ನು ಕಂಡು ಕೈಕಟ್ಟಿ ಕೂರದವರೂ ಇದ್ದರು. 1953ರಲ್ಲಿ ಹತ್ತು ಮಂದಿ ತಲಾ ನೂರು ಡಾಲರು ಕೂಡಿಸಿ, 1931ರಲ್ಲಿ ನಿರ್ಮಿತವಾದ 65ನೆಯ ಸಂಖ್ಯೆಯ ಇಂಡಿಯಾನಾ ರೈಲ್‌ರೋಡ್ ಗಾಡಿಯನ್ನು ಕೊಂಡರು. ಇಂದಿನ ಇಲಿನಾಯ್ ರೈಲ್ವೆ ಮ್ಯೂಸಿಯಂಗೆ ಅದೇ ಬೀಜ. 1964ರಲ್ಲಿ ಸಂಗ್ರಹವು ಯೂನಿಯನ್ ಗ್ರಾಮಕ್ಕೆ ಬಂತು. ಹಿಂದೆ ಹೇಳಿದ ಎಲ್ಜಿನ್–ಬೆಲ್ವಿಡಿಯರ್ ಮಾರ್ಗದ ಬರಿದಾದ ನೆಲದ ಮೇಲೆಯೇ ಹೊಸದಾಗಿ ಹಳಿ ಹಾಸಲಾಯಿತು. ಈಗ ಹೊಲಗಳ ನಡುವೆ ಸುಮಾರು ಐದು ಮೈಲಿಯ ಈ ಮಾರ್ಗದಲ್ಲಿ ಹಳೆಯ ಗಾಡಿಗಳು ಪ್ರಯಾಣಿಕರನ್ನು ಕೂರಿಸಿಕೊಂಡು ಓಡುತ್ತವೆ. ಅಲ್ಲಿರುವ 1936ರ ನೆಬ್ರಾಸ್ಕಾ ಜೆಫೈರ್ ಎಂಬ ಉಕ್ಕಿನ ರೈಲಿನ ಡಬ್ಬಿಗಳಿಗೆ ಮಿನರ್ವಾ, ವೀನಸ್, ಜೂನೋ ಮೊದಲಾದ ದೇವಿಯರ ಹೆಸರಿದೆ. ನಮ್ಮಲ್ಲಿ ತೇರಿಗೆ ದೇವರನ್ನು ಏರಿಸುತ್ತೇವೆ. ಇಲ್ಲಿ ತೇರೇ ದೇವಿಯ ಹೆಸರು ಹೊತ್ತಿದೆ.

ಡೆಟ್ರಾಯಿಟ್ ಬಳಿಯ ಡಿಯರ್‌ಬಾರ್ನ್‌ನಲ್ಲಿ ಕಥೆ ಬೇರೆ. ಮೋಟಾರನ್ನು ಜನಸಾಮಾನ್ಯರ ಕೈಗೆಟುಕಿಸಿದ ಹೆನ್ರಿ ಫೋರ್ಡರೇ ಹಳೆಯ ರೈಲುಗಳನ್ನು ಸಂಗ್ರಹಿಸಿದರು. 1929ರ ಅಕ್ಟೋಬರ್ 21ರಂದು ಅಧ್ಯಕ್ಷ ಹೂವರ್ ಹಾಗೂ ಎಡಿಸನ್ ಅವರೊಡನೆ ಉಗಿಬಂಡಿಯಲ್ಲೇ ಬಂದು ತಮ್ಮ ಸಂಸ್ಥೆಯ ಸಮರ್ಪಣೆ ನಡೆಸಿದರು. ಅಲ್ಲಿನ ಗ್ರೀನ್‌ಫೀಲ್ಡ್ ವಿಲೇಜ್‌ನಲ್ಲಿ 1873ರ 'ಟಾರ್ಚ್ ಲೇಕ್' ಎಂಜಿನ್ ಇದೆ. ಮಿಷಿಗನ್ನಿನ ತಾಮ್ರದ ಗಣಿಗಳಲ್ಲಿ ದುಡಿದುದು ಅದು. ಮಾರ್ಷಲ್ ಊರಿನಲ್ಲಿದ್ದ 1884ರ ಎಂಜಿನ್ ಮನೆಯ ಮರುನಿರ್ಮಾಣ 2000ದಲ್ಲಿ ತೆರೆದುಕೊಂಡಿತು. ಅಲ್ಲಿ ದುರಸ್ತಿಯ ಕೆಲಸವನ್ನು ಕಣ್ಣಾರೆ ನೋಡಬಹುದು. ಒಂದೆಡೆ ಧನಿಕನೊಬ್ಬನ ಸಂಕಲ್ಪ, ಇನ್ನೊಂದೆಡೆ ಹತ್ತು ಜನರ ಚಂದಾ: ಉಳಿವಿಗೆ ಎರಡು ದಾರಿಗಳು.

ಎಂಜಿನ್ನನ್ನು ಬಣ್ಣ ಬಳಿದು ನಿಲ್ಲಿಸಿದರೆ ಸಾಲದೇ ಎಂದು ಕೇಳಬಹುದು. ಓಡಿಸುವುದು ದುಬಾರಿ ವ್ರತವೆಂಬುದು ನಿಜ. ಅಮೆರಿಕದ ನಿಯಮದಂತೆ 1,472 ದಿನಗಳ ಸೇವೆ ಅಥವಾ 15 ವರ್ಷ, ಯಾವುದು ಮೊದಲೋ, ಅಷ್ಟರೊಳಗೆ ಬಾಯ್ಲರನ್ನು ಬಿಚ್ಚಿ ಸಂಪೂರ್ಣ ಪರೀಕ್ಷಿಸಬೇಕು. ಆದರೆ ನಿಂತ ಎಂಜಿನ್ ತನ್ನ ಆಕಾರವನ್ನಷ್ಟೇ ಉಳಿಸುತ್ತದೆ. ಓಡುವ ಎಂಜಿನ್ ಅದನ್ನು ನಡೆಸುವ ವಿದ್ಯೆಯನ್ನೂ ಉಳಿಸುತ್ತದೆ. ಬೆಂಕಿಯನ್ನು ಎಷ್ಟು ಹರಡಬೇಕು, ನೀರಿನ ಮಟ್ಟ ಎಲ್ಲಿರಬೇಕು ಎಂಬುದು ಪುಸ್ತಕ ಓದಿದಷ್ಟಕ್ಕೇ ಬರುವ ವಿದ್ಯೆಯಲ್ಲ. ಪಕ್ಕದಲ್ಲಿ ನಿಂತು ಕಲಿಯಬೇಕು. ಹಾಗೆ ಕಲಿಯುವವರು ಒಂದು ತಲೆಮಾರು ಇಲ್ಲವಾದರೆ ಸರಪಳಿ ಕಡಿಯುತ್ತದೆ.

ನಮ್ಮ ನಾಡಿಗೂ ಈ ಮಾತು ಅನ್ವಯಿಸುತ್ತದೆ. 1882ರಲ್ಲಿ ಬೆಂಗಳೂರಿನಿಂದ ಮೈಸೂರನ್ನು ಮುಟ್ಟಿದ ಮೀಟರ್ ಗೇಜ್ ಹಳಿ ಇಂದು ಬ್ರಾಡ್ ಗೇಜ್ ಆಗಿದೆ. 1979ರಲ್ಲಿ ತೆರೆದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯವು ಮಹಾರಾಣಿಯವರ ಸಲೂನ್ ಗಾಡಿಯನ್ನು ಜೋಪಾನವಾಗಿಟ್ಟಿದೆ. ಆದರೆ ಆ ಹಳಿಗಳ ಮೇಲೆ ಕಲ್ಲಿದ್ದಲು ಎರಚಿದ ಫೈರ್‌ಮನ್ನರ, ಗ್ಯಾಂಗ್‌ಮನ್ನರ ನೆನಪುಗಳಿಗೆ ಗಾಜಿನ ಪೆಟ್ಟಿಗೆ ಇಲ್ಲ. ಅಂಥವರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲಿಯೂ ಇರಬಹುದು. ಮನೆಯ ಹಿರಿಯರಿಂದ ಆ ಮಾತುಗಳನ್ನು ಕೇಳಿ ಬರೆದಿಡಿರೆಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.