ಆಸ್ಪತ್ರೆಯಿಂದ ಕಾಲೇಜಿನ ಕಾರಿಡಾರಿಗೆ

ಕರ್ನಾಟಕದಲ್ಲಿ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಚರಿತ್ರೆ ಬರೆಯಹೊರಟರೆ ಮೊದಲ ಪುಟಗಳಲ್ಲಿ ಕಾಲೇಜು ಕಾಣುವುದೇ ಇಲ್ಲ, ಕಾಣುವುದು ಆಸ್ಪತ್ರೆ. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ಸರ್ಕಾರಿ ಮಾನಸಿಕ ಆಸ್ಪತ್ರೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಹುಟ್ಟಿತು. ಓದುವ ಹುಡುಗರ ಬಾಯಲ್ಲಿ ಆ ಹೆಸರು ಬಹುಕಾಲ ಗೇಲಿಯ ಮಾತಾಗಿತ್ತು. ‘ಇವನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು’ ಎನ್ನುವುದನ್ನು ಕೇಳುತ್ತ ಬೆಳೆದವರು ಅಲ್ಲಿಗೆ ತಾವಾಗಿ ಹೋಗುವುದುಂಟೆ?

ಈ ಅಳುಕನ್ನು ಕರಗಿಸಲು ಕಾಲೇಜುಗಳಿಗಿಂತ ಮೊದಲೇ ಕೈಹಾಕಿದವರು ಕನ್ನಡದ ವೈದ್ಯ ಲೇಖಕರು. ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ತಿಳಿಗನ್ನಡದಲ್ಲಿ ಬರೆಯುತ್ತಲೇ ಬಂದರು. ಸರ್ಕಾರಿ ಯೋಜನೆಗಳ ವರದಿಗಳಲ್ಲಿ ಈ ಕೆಲಸಕ್ಕೆ ಜಾಗವಿಲ್ಲ. ಆದರೆ ಆಪ್ತ ಸಲಹೆಗೆ ನೆಲ ಹದಮಾಡಿದ್ದು ಇದೇ ಎಂದು ನನ್ನ ಎಣಿಕೆ.

ಸರ್ಕಾರದ ಹೆಜ್ಜೆ ನಿಧಾನ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಬಂತು. ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದ ಮಾದರಿಯಲ್ಲೇ 1996ರಲ್ಲಿ ಜಿಲ್ಲಾ ಕಾರ್ಯಕ್ರಮ ರೂಪುಗೊಂಡಿತು. ಕಾಲೇಜಿನ ಆಪ್ತ ಸಲಹೆ ಅದಕ್ಕೆ ಸೇರಲು ಹನ್ನೊಂದನೇ ಪಂಚವಾರ್ಷಿಕ ಯೋಜನೆಯ ತನಕ ಕಾಯಬೇಕಾಯಿತು.

ಇವೆಲ್ಲಕ್ಕಿಂತ ಜಾಣತನದ ಯತ್ನವೆಂದರೆ ರಾಜ್ಯದ ಯುವಜನ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆಗೂಡಿ ನಡೆಸಿದ ‘ಯುವ ಸ್ಪಂದನ’. ಅದರ ಕೇಂದ್ರಗಳಿರುವುದು ಜಿಲ್ಲಾ ಕ್ರೀಡಾಂಗಣಗಳಲ್ಲಿ. ಕ್ರೀಡಾಂಗಣಕ್ಕೆ ಹೋದವನನ್ನು ಯಾರೂ ‘ಯಾಕೆ ಹೋಗಿದ್ದೆ?’ ಎಂದು ಕೇಳುವುದಿಲ್ಲ. ಅಲ್ಲಿ ಮಾತಿಗೆ ಸಿಗುವವರೂ ತರಬೇತಿ ಪಡೆದ ಯುವಜನರೇ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನೊಂದು ತಿರುವು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಶಿಕ್ಷೆಯ ಬದಲು ಆರೈಕೆ ಕೊಡಬೇಕೆಂದಿತು. ಕೋವಿಡ್ ಕಾಲದಲ್ಲಿ ವಿದ್ಯಾರ್ಥಿಗಳ ಮನಸ್ಸಿಗೆ ಆಸರೆಯಾಗಲು ಕೇಂದ್ರದ ‘ಮನೋದರ್ಪಣ’ ಬಂತು. 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಸಹಾಯವಾಣಿ ಶುರುವಾಯಿತು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಕ್ಯಾಂಪಸ್ಸಿನ ಒಳಗೆ ಮಾತ್ರ ಕಥೆ ಬೇರೆ. ಮೆಂಟರ್‌ಗೆ ಇಷ್ಟು ವಿದ್ಯಾರ್ಥಿಗಳೆಂಬ ಅನುಪಾತವನ್ನು ಗುಣಮಟ್ಟ ಅಳೆಯುವ ನ್ಯಾಕ್ ಕೇಳುತ್ತದೆ, ಕಾಲೇಜುಗಳು ಪಟ್ಟಿ ಬರೆದು ಕೊಡುತ್ತವೆ. ಇಂಟರ್ನಲ್ಸ್ ಅಂಕ, ಹಾಜರಾತಿ ಎರಡೂ ಯಾರ ಕೈಯಲ್ಲಿವೆಯೋ ಅವರೇ ಬಹಳ ಕಡೆ ಮೆಂಟರ್. ಅವರ ಮುಂದೆ ಯಾವ ಹುಡುಗಿ ‘ಸರ್, ರಾತ್ರಿ ನಿದ್ದೆ ಬರ್ತಿಲ್ಲ, ಬದುಕೋದೇ ಬೇಡ ಅನ್ನಿಸ್ತಿದೆ’ ಎಂದಾಳು?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ನೇತೃತ್ವದಲ್ಲಿ ಇದಕ್ಕಾಗಿಯೇ ಕಾರ್ಯಪಡೆ ರಚಿಸಿತು. ಜುಲೈನಲ್ಲಿ ಇನ್ನೊಂದು ಪ್ರಕರಣದಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತ ಸಲಹೆಗಾರರು ಇರಲೇಬೇಕೆಂದಿತು. ಅಂಕ ನೋಡಿ ಬ್ಯಾಚ್ ಒಡೆಯುವುದನ್ನೂ, ಎಲ್ಲರೆದುರು ಅವಮಾನಿಸುವುದನ್ನೂ ಬಿಡಬೇಕೆಂದಿತು. ಪಾಠಕ್ಕೇ ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡಿರುವ ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಆ ಒಬ್ಬರಿಗೆ ಹುದ್ದೆ, ಸಂಬಳ, ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಕೋಣೆ ಮೊದಲು ಸಿಗಬೇಕು.