ಇಲಿ ಜ್ವರದ ಸ್ಟೀರಿಂಗ್

ಮಳೆಗಾಲ ಶುರುವಾದರೆ ಉಡುಪಿ ಜಿಲ್ಲೆಯಲ್ಲಿ ಇಲಿ ಜ್ವರದ ಸುದ್ದಿಯೂ ಶುರು. ಕಾರ್ಕಳದ ಬೈಲುಗದ್ದೆಯಲ್ಲಿ ನೇಜಿ ನೆಡುವವರು, ಕಾಪು ಕಡೆ ನಿಂತ ನೀರಲ್ಲಿ ಬರಿಗಾಲಲ್ಲಿ ನಡೆಯುವವರು, ಯಾರಿಗಾದರೂ ಸರಿ, ಕಾಲಲ್ಲಿ ಸಣ್ಣ ಗಾಯ ಇದ್ದರೆ ಸಾಕು. ಇಲಿಯ ಮೂತ್ರದಿಂದ ನೀರು ಸೇರಿದ ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಅಲ್ಲಿಂದ ಒಳಗೆ ನುಗ್ಗುತ್ತದೆ. ಚಿಕಿತ್ಸೆ ತಡವಾದರೆ ಕಿಡ್ನಿ, ಲಿವರ್ ಕೈಕೊಡಬಹುದು. 1915ರಲ್ಲಿ ಇದನ್ನು ಪತ್ತೆ ಮಾಡಿದವರು ಜಪಾನಿನ ಇನಾಡ ಮತ್ತು ಇಡೊ.

ಕಣ್ಣಿಲ್ಲ, ಮಿದುಳಿಲ್ಲ. ಹಾಗಾದ್ರೆ ಬ್ಯಾಕ್ಟೀರಿಯಾಕ್ಕೆ ದಾರಿ ಹೇಳೋರು ಯಾರು?

ಉತ್ತರ ಸಿಕ್ಕಿದ್ದು ನಮ್ಮ ಕರುಳಲ್ಲೇ ಇರುವ ಇ. ಕೋಲಿಯಿಂದ. ಬ್ಯಾಕ್ಟೀರಿಯಾಗಳು ಆಹಾರದ ಕಡೆಗೆ ಈಜುತ್ತವೆ ಅಂತ ಜರ್ಮನಿಯ ಪ್ಫೆಫರ್ 1880ರ ದಶಕದಲ್ಲೇ ತೋರಿಸಿದ್ದರು. 1960ರ ದಶಕದಲ್ಲಿ ಅಮೆರಿಕದ ಜೂಲಿಯಸ್ ಆಡ್ಲರ್ ಈಜಲು ಬರುವ, ಆದರೆ ದಾರಿ ಗೊತ್ತಾಗದ ಇ. ಕೋಲಿಗಳನ್ನು ಹುಡುಕಿ ತೆಗೆದರು. ಕೆಟ್ಟ ಕೋಡ್ ನೋಡಿ ಒಳ್ಳೆ ಕೋಡ್ ಅರ್ಥ ಮಾಡಿಕೊಳ್ಳೋದು ಅಂತೀವಲ್ಲ, ಹಾಗೆ. 1973ರಲ್ಲಿ ಹೋವರ್ಡ್ ಬರ್ಗ್ ಮತ್ತು ಆಂಡರ್ಸನ್, ಬ್ಯಾಕ್ಟೀರಿಯಾದ ಬಾಲ ಚಾವಟಿಯಂತೆ ಬೀಸುವುದಿಲ್ಲ, ಪ್ರೊಪೆಲ್ಲರಿನಂತೆ ತಿರುಗುತ್ತದೆ ಎಂದರು. ಮರುವರ್ಷ ಸಿಲ್ವರ್‌ಮನ್ ಮತ್ತು ಸೈಮನ್ ಬಾಲವನ್ನು ಗಾಜಿಗೆ ಅಂಟಿಸಿ ನೋಡಿದಾಗ, ಬ್ಯಾಕ್ಟೀರಿಯಾವೇ ಗಿರಗಿರ ತಿರುಗಿತು!

ಬಾಲಗಳು ಎಡಕ್ಕೆ ತಿರುಗಿದರೆ ಒಂದು ಕಟ್ಟಾಗಿ ಸೇರಿ ಜೀವಿ ನೇರ ಈಜುತ್ತದೆ. ಬಲಕ್ಕೆ ತಿರುಗಿದರೆ ಕಟ್ಟು ಬಿಚ್ಚಿ, ಜೀವಿ ಪಲ್ಟಿ ಹೊಡೆದು ಬೇರೆ ದಿಕ್ಕು ಹಿಡಿಯುತ್ತದೆ. ಆ ಬದಲಾವಣೆ ಮಾಡೋದು ಚೆವೈ ಎಂಬ ಪುಟ್ಟ ಪ್ರೋಟೀನು. ಅದಕ್ಕೊಂದು ಫಾಸ್ಫೇಟ್ ಅಂಟಿದರೆ ಮೋಟಾರಿನ ಸ್ವಿಚ್ಚಾದ ಫ್ಲಿಎಂ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಮೋಟಾರು ಬಲಕ್ಕೆ ತಿರುಗುತ್ತದೆ. ಚೆಝಡ್ ಎಂಬ ಇನ್ನೊಂದು ಪ್ರೋಟೀನು ಆ ಫಾಸ್ಫೇಟನ್ನು ಕಿತ್ತು ರೀಸೆಟ್ ಮಾಡುತ್ತದೆ. ಆಹಾರ ಹೆಚ್ಚುತ್ತಿದ್ದರೆ ಫಾಸ್ಫೇಟ್ ಅಂಟುವುದು ಕಡಿಮೆ, ಪಲ್ಟಿಯೂ ಕಡಿಮೆ. ಅಂದ್ರೆ ಅದು ದಾರಿ ಆರಿಸುವುದಿಲ್ಲ. ಒಳ್ಳೆ ದಾರಿಯಲ್ಲಿದ್ದರೆ ತಿರುಗೋದನ್ನ ಮುಂದೂಡುತ್ತದೆ, ಅಷ್ಟೇ.

ಲೆಪ್ಟೋಸ್ಪೈರಾದ ಕತೆ ಸ್ವಲ್ಪ ಬೇರೆ. ಅದಕ್ಕೆ ಎರಡು ಬಾಲ, ದೇಹದ ಎರಡು ತುದಿಗೆ ಒಂದೊಂದು, ಅದೂ ಹೊರಪೊರೆಯ ಒಳಗೆ. ಈಜುವಾಗ ಮುಂದಿನ ತುದಿ ಸುರುಳಿಯಾಗುತ್ತದೆ, ಹಿಂದಿನದು ಕೊಕ್ಕೆಯಂತೆ ಬಾಗುತ್ತದೆ. ಎರಡೂ ತುದಿಗಳ ಆಕಾರ ಅದಲುಬದಲಾದರೆ ಹಿಂದೆ ಹೋಗುತ್ತದೆ, ದೇಹ ಹೊರಳಿಸುವ ಕೆಲಸವೇ ಇಲ್ಲ. ಸ್ಕ್ರೂನಂತೆ ತಿರುಗುವ ಈ ದೇಹ ಅಂಟಂಟಾದ ದ್ರವದಲ್ಲೂ ಸಲೀಸಾಗಿ ಸಾಗುತ್ತದೆ. ಮೈಯೊಳಗಿನ ಅಂಗಾಂಶಗಳನ್ನು ದಾಟಲು ಬೇಕಿರುವುದೂ ಇದೇ ಸಾಮರ್ಥ್ಯ.

ಈ ಸ್ವಿಚ್ಚನ್ನು ನಾವು ಆಫ್ ಮಾಡಲಾಗದು. ಆದರೆ ಗಾಯ ಮುಚ್ಚಬಹುದು, ಗದ್ದೆಗಿಳಿಯುವಾಗ ಗಂಬೂಟು ಹಾಕಬಹುದು. ಜ್ವರ, ಮೀನಖಂಡದ ನೋವು ಬಂದರೆ "ಗದ್ದೆಯಲ್ಲಿ ಕೆಲಸ ಮಾಡಿದ್ದೆ" ಅಂತ ಡಾಕ್ಟರಿಗೆ ಮೊದಲೇ ಹೇಳಬೇಕು. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಈ ವಾರ ಫೋನ್ ಮಾಡಿದಾಗ ಇದನ್ನೂ ಸೇರಿಸಿ.